ಹಿರೀಕನ ಎಡಗಾಲು

ನಕುಂಬಾ
೧೪ ಜೂನ್ ೧೯೮೬

ಫಲೇಸಿ ಅಕ್ಕನಿಗೆ,

ನಾವೆಲ್ಲ ಇದ್ದೇವೆ. ನೀನೂ ಇದ್ದೀಯೆಂದು ನಿನ್ನ ಸೋಪು, ಸಕ್ಕರೆ ತಂದುಕೊಟ್ಟ ಬಸ್ಸಿನ ಡ್ರೈವರ್ ಹೇಳಿದ. ಸಕ್ಕರೆ ದಾರಿಯಲ್ಲಿ ಅರ್ಧಕ್ಕರ್ಧ ಕಡಿಮೆಯಾಗಿತ್ತು, ಅವನ ಮಾತು ಮಾತ್ರ ಬಹಳ ಸಿಹಿಯಾಗಿತ್ತು.

ಜೋಳದ ಕೊಯ್ಲು ಮುಗಿದು ಕಣಜಗಳು ತುಂಬಿವೆ. ಹೆಂಡದ ಗಡಿಗೆಗಳೂ ತುಂಬುತ್ತಿವೆ, ಅಂದರೆ ಕುಣಿತದ ಕಾಲ ಬಂತು. ನಮ್ಮ ಊರಿನ ಮುಖ್ಯಸ್ಥರು ಬಾವಿಯ ರಾಟೆ ಸರಿಮಾಡಿಸುತ್ತೇನೆ ಎನ್ನುತ್ತಲೇ ದಿನ ತಳ್ಳುತ್ತಿದ್ದರು. ಅವರೆದುರು ಬಾಯಿ ಬಿಡುವವರು ಯಾರು? ಮೊನ್ನೆ ಮಸಣದ ತೋಪಿನಿಂದ ಮುಖವಾಡದ ಮೃಗವೊಂದು ಬಂತು. ತಲೆಯ ಮೇಲೆ ತೂತು ಬಕೆಟ್ಟು, ಹೊಟ್ಟೆಗೆ ಕಟ್ಟಿದ ದಿಂಬು, ಥೇಟ್ ಮುಖ್ಯಸ್ಥರ ನಡಿಗೆ. ಹೆಂಗಸರು ಅದರ ಹಿಂದೆ ಹಾಡಿದ್ದೇ ಹಾಡಿದ್ದು. ಮುಖ್ಯಸ್ಥರೂ ನಕ್ಕರು. ಮೃಗದ ಮೇಲೆ ಸಿಟ್ಟು ಮಾಡಿಕೊಳ್ಳಲಾಗುತ್ತದೆಯೇ? ಅದೇ ವಾರ ರಾಟೆ ಬಂತು.

ಆದರೆ ನಾನು ಬರೆಯಲು ಕೂತದ್ದು ಅದಕ್ಕಲ್ಲ. ಹೋದ ಶನಿವಾರ ಪಕ್ಕದ ಮನೆಯ ಲೆಜಿನಾಳ ತೀರಿಹೋದ ಗಂಡನನ್ನು ಕಳಿಸಿಕೊಡುವ ಕುಣಿತವಿತ್ತು. ಕೊನೆಗೆ ಹಿರೀಕ ಬಂದ. ಅದೇ ಕಪ್ಪು ಮರದ ಮುದಿ ಮುಖ, ಮೇಕೆಗೂದಲಿನ ಗಡ್ಡ, ಮೈತುಂಬ ಚಿಂದಿ. ಸತ್ತವರನ್ನು ಊರಿನ ಗಡಿ ದಾಟಿಸುವವನು ಅವನೇ ಆದ್ದರಿಂದ ಎಲ್ಲರೂ ಮಾತು ನಿಲ್ಲಿಸಿದರು. ಮಟಮಟ ಮಧ್ಯಾಹ್ನ. ಹಿರೀಕ ಮೊದಲು ಸರಿಯಾಗಿಯೇ ಕುಣಿದ. ಆಮೇಲೆ ಅವನ ಎಡಗಾಲು ಹಿಂದೆ ಬೀಳತೊಡಗಿತು. ಅದು ಎಳೆದುಕೊಂಡು ಹೋದಲ್ಲೆಲ್ಲ ಧೂಳಿನಲ್ಲಿ ಗೆರೆ ಮೂಡುತ್ತಿತ್ತು.

ಹೆಂಗಸರ ಸಾಲಿನಿಂದ ಅಮ್ಮ ಎದ್ದು ನಿಂತಳು. "ಕಪೇಸೀ!" ಎಂದು ಕೂಗಿದಳು. ಅಪ್ಪ ಬದುಕಿದ್ದಾಗ ಒಂದು ದಿನವೂ ಅವನ ಹೆಸರು ಹಿಡಿದು ಕರೆದವಳಲ್ಲ ಅವಳು. ಡೋಲು ನಿಂತಿತು. ಹಿರೀಕ ಅವಳ ಕಡೆ ತಿರುಗಿ, ಮೃಗಗಳ ಕೀರಲು ದನಿಯಲ್ಲಲ್ಲ, ಮನುಷ್ಯರ ದನಿಯಲ್ಲಿ ಕೇಳಿದ:

"ಮಗಳು ಬಂದ್ಲೇನೇ?"

ದೌಲೋಸಿ ಮಾವ ಓಡಿ ಬಂದು ಡೋಲಿನವರಿಗೆ ಬೈದು ಬಾರಿಸಲು ಹಚ್ಚಿದರು. ಹಿರೀಕನನ್ನು ತೋಪಿಗೆ ಕರೆದುಕೊಂಡು ಹೋದರು. ಮೃಗವನ್ನು ಮನುಷ್ಯರ ಹೆಸರಿನಿಂದ ಕರೆದದ್ದಕ್ಕೆ ಅಮ್ಮನಿಗೆ ಕೋಳಿಯ ದಂಡ ಬಿತ್ತು. ಅವತ್ತೇ ಕೊಟ್ಟಳು. ಮನೆಗೆ ಬಂದ ಮೇಲೆ ಹೇಳಿದಳು: "ಜನವರೀಲಿ ಹೋದ್ನಲ್ಲ ನಿಮ್ಮಪ್ಪ, ಅವತ್ತು ಬೆಳಿಗ್ಗೆ ಕೇಳಿದ್ದೂ ಇದೇ ಮಾತು. ನಾನೊಬ್ಳೇ ಇದ್ದೆ. ಯಾರಿಗೂ ಹೇಳಿಲ್ಲ ಕಣೋ, ನಿಂಗೂ ಹೇಳಿಲ್ಲ."

ಅಕ್ಕ, ಅಪ್ಪನನ್ನು ಕಳಿಸಿಕೊಡುವ ಕುಣಿತ ಅಕ್ಟೋಬರಿನಲ್ಲಿ. ಮಣ್ಣಿಗೂ ನೀನು ಬರಲಿಲ್ಲ. ಯಾಕೆಂದು ನಾನು ಕೇಳುತ್ತಿಲ್ಲ. ಇದಕ್ಕಾದರೂ ಬಾ.

ನಿನ್ನ ತಮ್ಮ,
ಮಸಾವುಕೊ

*

ಬ್ಲಾಂಟೈರ್
೨ ಜುಲೈ ೧೯೮೬

ಮಸಾವುಕೊ,

ತೂತು ಬಕೆಟ್ಟಿನ ಕಥೆ ಓದಿ ನಕ್ಕೆ. ಹೊಲಿಗೆ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೆಷಿನ್ನಿನವಳಿಗೂ ಹೇಳಿದೆ. ಬಾವಿ ರಿಪೇರಿಗೆ ಮೃಗ ಒಳ್ಳೆಯದೇ. ಅದೇ ಕುಣಿತದ ಬಯಲಿಗೆ ಒಂದು ಸಲ ನನ್ನನ್ನು ರಿಪೇರಿ ಮಾಡಲೂ ಒಂದು ಮೃಗ ಬಂದಿತ್ತು. ನೀನಾಗ ಮೂಗು ಸುರಿಸಿಕೊಂಡು ಓಡಾಡುತ್ತಿದ್ದೆ, ನಿನಗೆ ತಿಳಿದಿರಲಾರದು.

ನನ್ನ ಗಂಡನ ಚಾಪೆ, ಗುದ್ದಲಿ ಎರಡನ್ನೂ ಹೊರಗಿಟ್ಟು ನಾನು ಬಾಗಿಲು ಹಾಕಿಕೊಂಡ ವರ್ಷ ಅದು. ಅಪ್ಪನ ಗಣಿ ಕಾಲದ ಗೆಳೆಯನ ಮಗ ಅವನು, ಅಪ್ಪನೇ ನೋಡಿ ತಂದ ಗಂಡು. ಕುಡಿದು ಬಂದು ಅವನು ನನಗೆ ಏನು ಮಾಡುತ್ತಿದ್ದನೆಂದು ಅಮ್ಮನಿಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಆ ವಾರದ ಕುಣಿತಕ್ಕೆ ಒಂದು ಮೃಗ ಬಂತು. ನಾನು ಸೊಂಟಕ್ಕೆ ಸುತ್ತುವ ಚಿತೆಂಜೆಯ ಬಣ್ಣದ್ದೇ ಬಟ್ಟೆ ಸುತ್ತಿಕೊಂಡಿತ್ತು. ತಲೆಯ ಮೇಲೆ ಚಾಪೆ ಹೊತ್ತು ಸೊಂಟ ಕುಣಿಸುತ್ತ, "ಗಂಡ ಬೇಡ, ಗುದ್ದಲಿ ಬೇಕು" ಎಂದು ಹಾಡಿತು. ಹೆಂಗಸರು ತಿರುಗಿ ಹಾಡಲೇಬೇಕಲ್ಲ, ಹಾಡಿದರು. ಅಮ್ಮನೂ ಹಾಡಿದಳು. ಊರಿಗೆ ಊರೇ ನಗುತ್ತಿತ್ತು. ನಾನು ಮೃಗದ ಎಡಗಾಲು ನೋಡುತ್ತಿದ್ದೆ.

ಯಾರೆಂದು ಬರೆಯುವುದಿಲ್ಲ. ಒಳಗೆ ಯಾರಿದ್ದಾರೆಂದು ಹೆಂಗಸರಿಗೆ ಗೊತ್ತಿಲ್ಲವೆಂದು ನೀವು ಗಂಡಸರು ನಟಿಸುತ್ತೀರಿ. ಗೊತ್ತಿಲ್ಲದವರ ಹಾಗೆ ನಾವು ನಟಿಸುತ್ತೇವೆ. ಹೀಗೆ ಊರು ನಡೆಯುತ್ತದೆ. ಆದ್ದರಿಂದ ನಾನು ಯಾರ ಮುಂದೆಯೂ ಬಾಯಿ ಬಿಡಲಾಗಲಿಲ್ಲ. ಮನೆಯಲ್ಲಿ ಬೈದಿದ್ದರೆ ನಾನೂ ನಾಲ್ಕು ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಮೃಗಕ್ಕೆ ಬೈಯುವುದು ಹೇಗೆ? ಮಾರನೆಯ ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಕೂತು, ಏನೂ ಆಗೇ ಇಲ್ಲವೆನ್ನುವಂತೆ, "ಗಂಜಿ ಕುಡಿದ್ಯಾ, ಇಲಿಮರಿ?" ಎಂದು ಕೇಳಿದ. ನಾನು ಗಂಜಿ ಕುಡಿಯಲಿಲ್ಲ. ಬಸ್ಸು ಹತ್ತಿದೆ. ನೀನು ಕೇಳದೇ ಇದ್ದ ಪ್ರಶ್ನೆಗೆ ಉತ್ತರ ಇದು.

ಈಗ ನೀನು ಬರೆದದ್ದರ ವಿಚಾರ. ಅಪ್ಪನ ಕುಂಟು ಕಾಲನ್ನು ಅಣಕಿಸಲು ಊರಿನ ಯಾವ ತುಂಟನಿಗೂ ಬರುತ್ತದೆ. ಯಾವನೋ ವಿಧವೆಯ ಜೊತೆ ಚೇಷ್ಟೆ ಮಾಡಿದ್ದಾನೆ. ನನಗೆ ಅರ್ಥವಾಗದೆ ಇರುವುದು ಒಂದೇ. ಅಮ್ಮ ಎಲ್ಲಿದ್ದಳು, ಮಾವ ಏನು ಮಾಡಿದರು, ಧೂಳಿನಲ್ಲಿ ಗೆರೆ ಹೇಗೆ ಬಿತ್ತು, ಎಲ್ಲ ಬರೆದಿದ್ದೀಯ. ನೀನು ಎಲ್ಲಿದ್ದೆ?

ಅಮ್ಮನಿಗೆ ಒಂದು ಶಾಲು ಕಳಿಸಿದ್ದೇನೆ. ಡ್ರೈವರ್ ಹೊದ್ದುಕೊಳ್ಳುವ ಮೊದಲು ಇಸಿದುಕೋ.

ಫಲೇಸಿ

*

ನಕುಂಬಾ
೨೦ ಜುಲೈ ೧೯೮೬

ಅಕ್ಕ,

ಶಾಲು ಬಂತು. ಅಮ್ಮ ಅದನ್ನು ಹೊದೆಯದೆ ಮಡಿಸಿ ಅಪ್ಪನ ಚಾಪೆಯ ಮೇಲಿಟ್ಟಿದ್ದಾಳೆ. ನಿನ್ನ ಕಾಗದವನ್ನು ಅವಳಿಗೆ ಪೂರ್ತಿ ಓದಿ ಹೇಳಲಿಲ್ಲ.

ನಾನು ಎಲ್ಲಿದ್ದೆ ಎಂದು ಕೇಳಿದೆ. ಡೆಡ್ಜಾ ಸಂತೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದೆ. ಬರೆದದ್ದೆಲ್ಲ ಅವರಿವರು ಹೇಳಿದ್ದು.

ಕಾಲಿಗೆ ಮುಳ್ಳು ಚುಚ್ಚಿಸಿಕೊಂಡಿದ್ದೇನೆ, ಎಡಗಾಲು. ಮುಳ್ಳು ಕಾಣಿಸುವುದಿಲ್ಲ, ನೋವೂ ಇಲ್ಲ, ಆದರೆ ಕಾಲು ಹಿಂದೆಯೇ ಉಳಿಯುತ್ತದೆ. ಮುಂದೆ ಹೋಗಿ ಅದಕ್ಕಾಗಿ ಕಾಯಬೇಕು. ಅಮ್ಮ ಅದನ್ನು ನೋಡುತ್ತಲೇ ಇರುತ್ತಾಳೆ. ಕಾಲುದಾರಿಯಲ್ಲಿ ನಾನು ಎದುರಾದರೆ ಪಕ್ಕಕ್ಕೆ ಸರಿದು ತಲೆ ತಗ್ಗಿಸುತ್ತಾಳೆ. ಮಗನಿಗೆ ಯಾರಾದರೂ ಹಾಗೆ ದಾರಿ ಬಿಡುತ್ತಾರೆಯೇ? ಊಟಕ್ಕೆ ನ್ಸಿಮಾ ಮುದ್ದೆಯ ಜೊತೆ ಅಪ್ಪನ ಪಾಲಿನ ಮೀನಿನ ತಲೆ ನನಗೇ ಬಡಿಸುತ್ತಾಳೆ. ಮೀನಿನ ತಲೆ ಕಂಡರೆ ನನಗೆ ವಾಕರಿಕೆ ಬರುತ್ತಿತ್ತು, ನಿನಗೆ ಗೊತ್ತು. ಈಗ ಕಣ್ಣನ್ನೂ ಬಿಡದೆ ಚೀಪುತ್ತೇನೆ. ತಟ್ಟೆ ಖಾಲಿಯಾದ ಮೇಲೆ ಗೊತ್ತಾಗುತ್ತದೆ.

ಒಂದು ತಮಾಷೆ ಕೇಳು. ಮೊನ್ನೆ ಅಂಗಡಿಗೆ ಪಂಕ್ಚರ್ ಹಾಕಿಸಲು ಒಬ್ಬ ಬಂದ. "ಎಷ್ಟಾಗುತ್ತಪ್ಪಾ?" ಅಂದ. ನಾನು ಅವನ ಮುಖ ನೋಡಿ "ಮಗಳು ಬಂದ್ಲಾ?" ಅಂದೆ. ಅದು ನನ್ನ ಬಾಯಿಂದಲೇ ಬಂತು. ಅವನಿಗೆ ಮದುವೆಗೆ ಬಂದ ಮಗಳಿದ್ದಾಳಂತೆ. "ಭೇಷ್ ಕಣಯ್ಯಾ, ಹೆಣ್ಣು ಕೇಳೋಕೆ ಮಾವನ್ನ ಕಳ್ಸೋದು ಬಿಟ್ಟು ಪಂಕ್ಚರ್ ಹಾಕ್ತಾ ಕೇಳ್ತೀಯಲ್ಲ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಅವನು ಹೋದ ಮೇಲೆ ನೋಡಿದರೆ ದುಡ್ಡು ಇಸಿದುಕೊಳ್ಳಲು ಮರೆತಿದ್ದೆ.

ಅಮ್ಮನ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ, ಅಷ್ಟೇ ಇರಬೇಕು.

ನಿನ್ನ ತಮ್ಮ,
ಮಸಾವುಕೊ

*

ಬ್ಲಾಂಟೈರ್
೯ ಆಗಸ್ಟ್ ೧೯೮೬

ಲೋ ಮಸಾವುಕೊ,

ಡೆಡ್ಜಾದಲ್ಲಿ ಶನಿವಾರ ಸಂತೆ ಇಲ್ಲ. ನಾನು ಊರು ಬಿಟ್ಟು ಎಂಟು ವರ್ಷವಾಯಿತು, ಸಂತೆಯ ದಿನ ಮರೆಯುವಷ್ಟು ಮುದುಕಿಯಾಗಿಲ್ಲ. ಸುಳ್ಳು ಹೇಳಲು ನಿನಗೆ ಚಿಕ್ಕಂದಿನಿಂದಲೂ ಬರುವುದಿಲ್ಲ, ಯಾಕೆ ಶ್ರಮಪಡುತ್ತೀಯ?

ಆಗಲಿ. ನೀನು ಎಲ್ಲಿದ್ದೆ ಎಂದು ಇನ್ನು ಕೇಳುವುದಿಲ್ಲ. ಕೇಳಬಾರದ ಜಾಗದಲ್ಲಿ ಇದ್ದೆ ಎಂದು ತಿಳಿದುಕೊಂಡೆ. ಆ ದಿನ ನಿನ್ನ ಬಾಯಿಂದ ಹೊರಟ ಮಾತು ನಿನ್ನದಲ್ಲವೆಂದೂ ತಿಳಿದುಕೊಂಡೆ. ಅದನ್ನು ಅಮ್ಮ ನಿನಗೆ ಹೇಳಿಯೇ ಇರಲಿಲ್ಲವಲ್ಲ. ಇಷ್ಟು ಬರೆದು ಎದ್ದೆ. ಬಾಗಿಲು ಹಾಕಿ ಬಂದು ಮತ್ತೆ ಬರೆಯುತ್ತಿದ್ದೇನೆ.

ಕಾಲನ್ನು ಆಸ್ಪತ್ರೆಯಲ್ಲಿ ತೋರಿಸು. ಆಮೇಲೆ ಅಲ್ಲಿ ಒಂದು ದಿನವೂ ನಿಲ್ಲದೆ ಇಲ್ಲಿಗೆ ಬಾ. ನನ್ನ ಕೋಣೆಯಲ್ಲಿ ಇನ್ನೊಂದು ಚಾಪೆಗೆ ಜಾಗವಿದೆ. ಬೀದಿಯ ತುದಿಯಲ್ಲಿ ಸೈಕಲ್ ಅಂಗಡಿಯವನಿಗೆ ಕೆಲಸದವನು ಬೇಕಂತೆ. ಅಪ್ಪ ಸತ್ತ ಮೇಲೂ ನಮ್ಮ ಮನೆಯವರನ್ನು ಬಯಲಿನಲ್ಲಿ ನಿಲ್ಲಿಸಿ ಕುಣಿಸುತ್ತಾನೆಂದರೆ ನಾನು ಸುಮ್ಮನಿರುವವಳಲ್ಲ. ನನ್ನ ಹತ್ತಿರ ಉಳಿದಿರುವುದು ನೀನೊಬ್ಬನೇ ಕಣೋ.

ಅಕ್ಕ,
ಫಲೇಸಿ

*

ನಕುಂಬಾ
೩೧ ಆಗಸ್ಟ್

ಇಲಿಮರಿ,

ಕಾಗದ ಕೈ ಸೇರಿತು. ಚೆನ್ನಾಗಿ ಬರೆಯುತ್ತೀಯ. ಗಣಿಯಿಂದ ನಾನು ಬರೆಯುತ್ತಿದ್ದ ಕಾಗದಗಳನ್ನು ನೀನೇ ಎಲ್ಲರಿಗೂ ಓದಿ ಹೇಳುತ್ತಿದ್ದೆಯಂತೆ.

ಇಲ್ಲಿ ಬೆಳಕು ಕಡಿಮೆ. ಮೇಲೆ ಜನ ನಡೆದಾಡುವ ಸದ್ದು ಕೇಳಿಸುತ್ತದೆ. ನಿನ್ನ ಅಮ್ಮ ಮೀನಿಗೆ ಉಪ್ಪು ಹೆಚ್ಚು ಹಾಕುತ್ತಿದ್ದಾಳೆ, ಅವಳಿಗೆ ಹೇಳಬೇಡ, ನೊಂದುಕೊಳ್ಳುತ್ತಾಳೆ.

ಹೋಗುವ ದಾರಿ ಗೊತ್ತಿದೆ. ಮಗಳು ಬರಲಿ, ಆಮೇಲೆ ಹೊರಡುತ್ತೇನೆ ಎಂದು ಹೇಳಿ ಕೂತಿದ್ದೇನೆ. ಹುಡುಗ ಒಳ್ಳೆಯವನು, ಗಟ್ಟಿ ಕಾಲು. ಆದರೂ ನನ್ನನ್ನು ಎಷ್ಟು ದಿನ ಹೊರುತ್ತಾನೆ? ದಿನದಿನಕ್ಕೆ ತೆಳ್ಳಗಾಗುತ್ತಿದ್ದಾನೆ.

ಗಂಜಿ ಕುಡಿದೆಯಾ?

*

ನಕುಂಬಾ
೧೩ ಸೆಪ್ಟೆಂಬರ್ ೧೯೮೬

ಸೊಸೆ ಫಲೇಸಿಗೆ ಅವಳ ಸೋದರಮಾವ ದೌಲೋಸಿ ಬರೆಯುವುದು,

ನೀನು ಗಾಬರಿಯಿಂದ ಬರೆದ ಕಾಗದವೂ ಅದರೊಳಗಿಟ್ಟು ಕಳಿಸಿದ ಕಾಗದವೂ ಬಂದವು. ಹುಡುಗನಿಗೆ ತೋರಿಸಿದೆ. ತಾನು ಬರೆದೇ ಇಲ್ಲ ಎನ್ನುತ್ತಾನೆ. ಅಕ್ಷರ ಎಡಕ್ಕೆ ವಾಲಿದೆ ಎಂದು ನೀನು ಬರೆದದ್ದು ಸರಿ, ಅದು ನಿನ್ನ ಅಪ್ಪನ ಅಕ್ಷರವೇ. ಕೊನೆಯಲ್ಲಿ ಹೆಸರು ಹಾಕದಿರುವುದೂ ಅವನದೇ ಚಾಳಿ.

ಆಸ್ಪತ್ರೆಯವರು ಕಾಲಿನಲ್ಲಿ ಏನೂ ಇಲ್ಲವೆಂದು ಹೇಳಿ ಕಳಿಸಿದರು. ಈಗ ಅವನು ಎದ್ದು ನಡೆಯುವುದೇ ಕಡಿಮೆ. ಮೈಯಲ್ಲಿ ಮೂಳೆ ಎಣಿಸಬಹುದು. ಮಾತಾಡಿಸಿದರೆ ಒಮ್ಮೊಮ್ಮೆ ಮಸಾವುಕೊ ಉತ್ತರ ಕೊಡುತ್ತಾನೆ, ಒಮ್ಮೊಮ್ಮೆ ಇಲ್ಲ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಿನ್ನ ಅಮ್ಮ ಹೆಸರು ಹಿಡಿದು ಕೂಗಿದ್ದರಿಂದ ಸತ್ತವನು ಹೋಗುವ ದಾರಿಯಿಂದ ಹಿಂದಕ್ಕೆ ತಿರುಗಿದ. ಅವಳ ಗಂಟಲು ತಡೆಯಲಿಲ್ಲ, ಅವಳನ್ನು ಬೈದು ಏನು ಪ್ರಯೋಜನ. ಈಗ ಹೆಂಗಸರೇ ಹಾಡಿ ಅವನನ್ನು ಕಳಿಸಬೇಕು. ಮನೆಯ ಹಿರಿಮಗಳು ಹಾಡು ಎತ್ತದೆ ಉಳಿದವರು ಎಷ್ಟು ಅರಚಿದರೂ ಅದು ಬರೀ ಗಾಳಿ. ನೀನು ಬಾರದಿದ್ದರೆ ಮಳೆಗಾಲದ ಹೊತ್ತಿಗೆ ಇನ್ನೊಂದು ಗುಂಡಿ ತೋಡಬೇಕಾಗುತ್ತದೆ ಎಂದು ನನ್ನ ಭಯ.

ಹಳೆಯದನ್ನು ನಾನು ಕೆದಕುವುದಿಲ್ಲ. ಆ ದಿನ ಬಯಲಿನಲ್ಲಿ ನಾನೂ ಇದ್ದೆ, ಎಲ್ಲರ ಹಾಗೆ ನಕ್ಕಿದ್ದೆ. ನೀನು ಬಸ್ಸು ಹತ್ತಿದ ಸಂಜೆ ನಿನ್ನ ಅಪ್ಪ ನನ್ನ ಅಂಗಳಕ್ಕೆ ಬಂದು ಕೂತಿದ್ದ. ಬಹಳ ಹೊತ್ತು ಕೂತಿದ್ದ. ಒಂದು ಮಾತೂ ಆಡದೆ ಎದ್ದು ಹೋದ.

ಅಕ್ಟೋಬರ್ ಹದಿನೆಂಟಕ್ಕೆ ಕುಣಿತ. ಹೆಂಡಕ್ಕೆ ಜೋಳ ನೆನೆಹಾಕಿದ್ದಾಗಿದೆ.

ನಿನ್ನ ಮಾವ,
ದೌಲೋಸಿ

*

ಬ್ಲಾಂಟೈರ್
೨೮ ಸೆಪ್ಟೆಂಬರ್ ೧೯೮೬

ಮಸಾವುಕೊ,

ಬರುತ್ತಿದ್ದೇನೆ. ಕಾರ್ಖಾನೆಯಲ್ಲಿ ರಜೆ ಕೊಡುವುದಿಲ್ಲ ಎಂದರು. ಕೊಡದಿದ್ದರೆ ಬಿಟ್ಟು ಹೋಗುತ್ತೇನೆ ಎಂದೆ, ಕೊಟ್ಟರು.

ಒಂದು ಮಾತು ಮೊದಲೇ ಬರೆದಿಡುತ್ತೇನೆ. ನಾನು ಬರುವುದು ನಿನಗಾಗಿ. ಅವನಿಗಾಗಿ ಹಾಡಲು ನನ್ನಿಂದ ಆಗುವುದಿಲ್ಲ, ಪ್ರಯತ್ನ ಮಾಡಿ ನೋಡಿದೆ. ಮೆಷಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳದ ಹಾಗೆ ಬೀಳ್ಕೊಡುವ ಹಾಡನ್ನು ಎತ್ತಿದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಆ ಚಾಪೆ ಹೊತ್ತ ಮೃಗ ಕಣ್ಣ ಮುಂದೆ ಬಂದು ಸೊಂಟ ಕುಣಿಸಿತು. ಬಾಯಿ ಕಟ್ಟಿಹೋಯಿತು.

ಈ ಕಾಗದ ಓದುತ್ತಿರುವುದು ನೀನೇ ಆಗಿದ್ದರೆ, ಇನ್ನು ಸ್ವಲ್ಪ ದಿನ ಗಟ್ಟಿಯಾಗಿರು. ಓದುತ್ತಿರುವುದು ನೀನಲ್ಲವಾದರೆ, ಅವನನ್ನು ಬಿಟ್ಟುಬಿಡು.

ಫಲೇಸಿ

*

ಬ್ಲಾಂಟೈರ್
೨೩ ಅಕ್ಟೋಬರ್ ೧೯೮೬

ನನ್ನ ಮಸಾವುಕೊ,

ನಿನ್ನ ಮುಖ ನೋಡದೆ ಬಂದುಬಿಟ್ಟೆ. ತೋಪಿಗೆ ಹೋದ ಗಂಡಸರು ಹೆಂಡದ ಕೊನೆಯ ಗಡಿಗೆ ಮುಗಿಯುವವರೆಗೂ ಹೆಂಗಸರಿಗೆ ಮುಖ ತೋರಿಸುವ ಹಾಗಿಲ್ಲವಲ್ಲ, ನನ್ನ ಬಸ್ಸು ಅಷ್ಟು ದಿನ ಕಾಯುವ ಹಾಗಿಲ್ಲ. ಆದರೂ ಮನಸ್ಸು ತುಂಬಿಕೊಂಡು ಬಂದೆ. ನಾನು ನಿಂತ ಕಡೆಯಿಂದ ಹೇಗೆ ಕಂಡಿತೆಂದು ನಿನಗೆ ಹೇಳಲೇಬೇಕು.

ನಾನು ಊರಿಗೆ ಕಾಲಿಡುವಷ್ಟರಲ್ಲಿ ಡೋಲು ಶುರುವಾಗಿತ್ತು. ಅಮ್ಮನ ತಲೆ ಬೋಳಿಸಿ ಎಣ್ಣೆ ಹಚ್ಚಿ ಕೂರಿಸಿದ್ದರು. ನನ್ನನ್ನು ನೋಡಿ ಅತ್ತಳು, ಆಮೇಲೆ ನನ್ನ ಚಪ್ಪಲಿ ನೋಡಿ "ಇಷ್ಟು ಎತ್ತರದ್ರಲ್ಲಿ ಹೆಂಗೇ ನಡೀತೀಯ?" ಅಂದಳು. "ಮಸಾವುಕೊ ಎಲ್ಲಮ್ಮಾ?" ಅಂದೆ. ತೋಪಿನ ಕಡೆ ನೋಡಿದಳು. ನನಗೆ ಅಷ್ಟು ಸಾಕಾಯಿತು. ಆ ಸ್ಥಿತಿಯಲ್ಲೂ ನಿನ್ನನ್ನೇ ಕುಣಿಸುತ್ತಾರಲ್ಲ ಎಂದು ಮಾವನ ಮೇಲೆ ಮೈಯೆಲ್ಲ ಉರಿಯಿತು.

ಹಿರೀಕ ಬಂದ. ಬಿಸಿಲು ನೆತ್ತಿಯ ಮೇಲಿತ್ತು. ಅವನು ಬರುವ ದಾರಿಯಲ್ಲಿದ್ದ ನಾಯಿಗಳು ಎದ್ದು, ಬೊಗಳದೆ, ಮನೆಗಳ ಹಿಂದೆ ಹೋದವು. ಎಡಗಾಲು ಎಳೆಯುತ್ತ ಎಳೆಯುತ್ತ ಬಂದು ನೇರ ನನ್ನ ಮುಂದೆ ನಿಂತ. ಏನೂ ಕೇಳಲಿಲ್ಲ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ನೋಡುತ್ತಿದ್ದ. ಅಷ್ಟು ಹತ್ತಿರದಲ್ಲಿದ್ದರೂ ಅವನ ಉಸಿರಿನ ಸದ್ದು ನನಗೆ ಕೇಳಿಸಲಿಲ್ಲ.

ಹಾಡು ಹೇಳಿಕೊಡುವ ಸೆಲಿನಾ ಅಜ್ಜಿ ನನ್ನ ಪಕ್ಕೆಗೆ ಮೊಣಕೈಯಲ್ಲಿ ತಿವಿದಳು. "ಎತ್ತೇ ಹಾಡ್ನ! ಊರೇ ಕಾಯ್ತಾ ಐತೆ, ಇವ್ಳು ಪೇಟೆ ಗೊಂಬೆ ಥರ ನಿಂತವ್ಳೆ." ನಾನು ಬಾಯಿ ತೆರೆದೆ. ಮರದ ಮುಖದ ಕಣ್ಣಿನ ತೂತುಗಳಲ್ಲಿ ನೋಡಿದೆ. ಕತ್ತಲೆ. ಆ ಕತ್ತಲೆಯೊಳಗೆ ಎಲ್ಲೋ ನನ್ನ ತಮ್ಮ ಮುಳುಗುತ್ತಿದ್ದಾನೆ ಎನ್ನಿಸಿತು. ಎಂಟು ವರ್ಷ ನಾನು ಒಂದು ಹೆಸರನ್ನು ನುಂಗಿಕೊಂಡಿದ್ದೆ, ಇನ್ನೊಂದನ್ನೂ ನುಂಗಲು ನನ್ನ ಕೈಲಾಗಲಿಲ್ಲ.

"ಮಸಾವುಕೊ!" ಎಂದು ಕಿರುಚಿದೆ. "ಮಸಾವುಕೊ, ಈಚೆಗೆ ಬಾರೋ!"

ಡೋಲು ನಿಂತಿತು. ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದರು. ಹಿರೀಕ ಅಲ್ಲಾಡದೆ ನಿಂತ. ಎಷ್ಟು ಹೊತ್ತು ಹಾಗೆ ನಿಂತನೆಂದರೆ ನನಗೆ ಭಯವಾಗತೊಡಗಿತು. ಆಮೇಲೆ ನಿಧಾನವಾಗಿ ಎಡಗಾಲನ್ನು ಎತ್ತಿದ, ಬಹಳ ಕಷ್ಟದಿಂದ ಎತ್ತಿದ, ನೆಲದ ಮೇಲೆ ಸಪಾಟಾಗಿ ಊರಿದ. ಊರಿ, ಕುಪ್ಪಳಿಸಿದ! ನೀನು ಚಿಕ್ಕಂದಿನಿಂದ ಕುಪ್ಪಳಿಸುತ್ತಿದ್ದ ಹಾಗೆ, ಹಟ್ಟಿಯಿಂದ ಬಿಟ್ಟ ಮೇಕೆಮರಿಯ ಹಾಗೆ, ಎರಡೂ ಕಾಲು ಒಟ್ಟಿಗೆ ಎತ್ತಿ, ಸೊಟ್ಟಗೆ. ಅಯ್ಯೋ, ನನಗೆ ನಗು ಬಂತು, ಅಳು ಬಂತು, ಅದೆರಡರ ನಡುವೆ ಹಾಡೂ ಬಂತು. "ದಾರಿ ತಂಪಾಗಿದೆ, ಹೋಗು, ಹಿಂದಿರುಗಿ ನೋಡದಿರು" ಎಂದು ನಾನು ಎತ್ತಿದ್ದೇ ತಡ, ಹೆಂಗಸರೆಲ್ಲ ಹಿಡಿದುಕೊಂಡರು. ಹಾಗೇ ಕುಪ್ಪಳಿಸುತ್ತ ಹಿರೀಕ ಬಯಲು ದಾಟಿದ, ತೋಪಿನೊಳಗೆ ಹೋದ. ಗಂಟಲು ಹರಿಯುವವರೆಗೆ ಹಾಡಿದೆ. ಅಂಥ ಸಂತೋಷದಲ್ಲಿ ನಾನು ಯಾವತ್ತೂ ಹಾಡಿಲ್ಲ.

ಅಪ್ಪನಿಗೆ ಮೋಸ ಮಾಡಿದೆ, ಅದೂ ಗೊತ್ತಿದೆ. ಅವನ ಪಾಲಿನ ಹಾಡನ್ನು ನಿನಗಾಗಿ ಹಾಡಿದೆ. ಅವನು ಹೋದನೋ, ಎಲ್ಲಾದರೂ ನಿಂತಿದ್ದಾನೋ ತಿಳಿಯದು. ತಿಳಿಯಬೇಕೆಂದೂ ಇಲ್ಲ. ನೀನು ಸಿಕ್ಕಿದೆ. ಕಾಲು ಹೇಗಿದೆಯೆಂದು ಕೂಡಲೇ ಬರೆ.

ಸಂತೋಷದಲ್ಲಿರುವ ನಿನ್ನ ಅಕ್ಕ,
ಫಲೇಸಿ

*

ನಕುಂಬಾ
೬ ನವೆಂಬರ್ ೧೯೮೬

ಅಕ್ಕ,

ಕಾಲು ಸರಿಹೋಗಿದೆ. ಊಟ ಸೇರುತ್ತದೆ. ನಿನ್ನೆ ಅಮ್ಮ ಮೀನಿನ ತಲೆ ಬಡಿಸಿದಳು, ವಾಕರಿಸಿಕೊಂಡು ಎದ್ದೆ. ಅವಳು ತಟ್ಟೆಯನ್ನು ಎತ್ತಿಕೊಂಡು ಹೋಗಿ ಒಲೆಯ ಹತ್ತಿರ ಕೂತು ಅತ್ತಳು. ಈಗ ದಾರಿಯಲ್ಲಿ ನಾನು ಎದುರಾದರೆ ಸರಿಯುವುದಿಲ್ಲ, "ಪಕ್ಕಕ್ಕೆ ಹೋಗೋ ಎಮ್ಮೆ" ಎನ್ನುತ್ತಾಳೆ.

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಉತ್ತರ ಬರೆಯಬಾರದೆಂದು ಎಷ್ಟೋ ದಿನ ಸುಮ್ಮನಿದ್ದೆ. ನೀನು ಸಂತೋಷದಲ್ಲಿದ್ದೀಯ, ಹಾಗೇ ಇರಲಿ ಎಂದುಕೊಂಡೆ. ಮನಸ್ಸು ಒಪ್ಪಲಿಲ್ಲ.

ಬಯಲಿನಲ್ಲಿ ಯಾರು ಕುಣಿಯುತ್ತಾರೆಂದು ನಾನು ನಿನಗೆ ಹೇಳುವ ಹಾಗಿಲ್ಲ, ನೀನು ಕೇಳುವ ಹಾಗಿಲ್ಲ. ಆದರೆ ನಾನು ಎಲ್ಲಿದ್ದೆ ಎಂದು ಹೇಳುವುದರಲ್ಲಿ ತಪ್ಪಿಲ್ಲ. ಈ ಸಲ ಸುಳ್ಳಲ್ಲ. ನಾನು ಊರಿನ ಆಚೆ ತುದಿಯಲ್ಲಿ, ದೌಲೋಸಿ ಮಾವನ ಗುಡಿಸಲಿನಲ್ಲಿ, ಕಂಬಳಿ ಹೊದ್ದು ಮಲಗಿದ್ದೆ. ಹಿಂದಿನ ದಿನವೇ ಮಾವ ನನ್ನನ್ನು ಅಲ್ಲಿಗೆ ಹೊತ್ತು ತಂದು, "ನಾಳೆ ನೀನು ಬಯಲಿಗೂ ಕಾಲಿಡಬೇಡ, ತೋಪಿಗೂ ಕಾಲಿಡಬೇಡ" ಎಂದು ಹೊರಗಿನಿಂದ ಬಾಗಿಲಿಗೆ ಮರ ಒತ್ತಿಟ್ಟಿದ್ದರು. ಅಮ್ಮನಿಗೂ ಹೇಳಿರಲಿಲ್ಲ. ಅವಳೂ ನಿನ್ನ ಹಾಗೆಯೇ ತಿಳಿದುಕೊಂಡಳು.

ನೀನು ಕೂಗಿದ್ದು ನನಗೆ ಅಲ್ಲಿಗೇ ಕೇಳಿಸಿತು. ಎದೆಯ ಮೇಲೆ ಕೂತಿದ್ದವರು ಎದ್ದ ಹಾಗೆ ಹಗುರವಾಯಿತು. ಹಾಗೇ ನಿದ್ದೆ ಹೋದೆ.

ಇನ್ನು ಬರೆಯುವುದನ್ನು ಹೆಂಗಸರಿಗೆ ಬರೆಯಬಾರದು. ಓದಿ ಒಲೆಗೆ ಹಾಕು. ಆ ದಿನ ಹಿರೀಕನ ಮುಖವನ್ನು ತೋಪಿನ ಅತ್ತಿಮರಕ್ಕೆ ಒರಗಿಸಿಟ್ಟಿದ್ದರಂತೆ. ನನಗೆ ಆದದ್ದನ್ನು ನೋಡಿದ್ದ ಯಾರೂ ಅದನ್ನು ಮುಟ್ಟಲು ತಯಾರಿರಲಿಲ್ಲ. ಒಬ್ಬನಿಗೆ ಹೊಟ್ಟೆನೋವು, ಇನ್ನೊಬ್ಬನಿಗೆ ಬೆನ್ನುನೋವು. ಮಾವ ತಾವೇ ಹೋಗುತ್ತೇನೆಂದು ಅಂಗಿ ಬಿಚ್ಚುತ್ತಿದ್ದರು. ಅಷ್ಟರಲ್ಲಿ ಬಯಲಿನಲ್ಲಿ ಹಿರೀಕನನ್ನು ಬರಮಾಡಿಕೊಳ್ಳುವ ಡೋಲು ಶುರುವಾಯಿತು. ತಿರುಗಿ ನೋಡಿದರೆ ಮರದ ಬುಡ ಬರಿದಾಗಿತ್ತು. ಹಿಂದೆ ಬಂದದ್ದನ್ನೂ ಯಾರೂ ನೋಡಲಿಲ್ಲ. ಹಾಡು ಮುಗಿದಾಗ ಅದು ಮೊದಲಿನ ಜಾಗದಲ್ಲೇ ಒರಗಿಕೊಂಡಿತ್ತು. ಮಾವ ಒಳಗೆ ಕೈ ಹಾಕಿ ನೋಡಿದರು. ಒದ್ದೆಯಾಗಿತ್ತು, ತಣ್ಣಗಿತ್ತು. ಅಲ್ಲೇ ಅದಕ್ಕೆ ಬೆಂಕಿ ಇಟ್ಟರು. "ನಾವು ಯಾರ್ನೂ ಕಳ್ಸಿರ್ಲಿಲ್ಲ ಕಣೋ" ಎಂದಷ್ಟೇ ನನಗೆ ಹೇಳಿದರು, ಅದನ್ನೂ ಬೇರೆ ಕಡೆ ನೋಡುತ್ತ ಹೇಳಿದರು.

ಅಕ್ಕ, ನಾನು ಓದುತ್ತ ಓದುತ್ತ ನಿಂತುಬಿಟ್ಟದ್ದು ಒಂದೇ ಕಡೆ. ಮಗಳು ಬಂದಳಾ ಎಂದು ಕೇಳುತ್ತಲೇ ಇದ್ದವನ ಮುಂದೆ ಮಗಳು ಬಂದು ನಿಂತಳು. ನಿಂತು ಕರೆದದ್ದು ನನ್ನನ್ನು. ಅವನಿಗೆ ತನ್ನ ಹೆಸರು ಹೇಳಲು ಬರುತ್ತಿತ್ತು. ಅಮ್ಮನ ಮುಂದೆ ಮಾತಾಡಿದವನಿಗೆ ನಿನ್ನ ಮುಂದೆ ಒಂದು ಮಾತಾಡಲು ಏನು ಅಡ್ಡಿಯಿತ್ತು? ಆಡಲಿಲ್ಲ. ಗಣಿಯಲ್ಲಿ ಬಂಡೆ ಬಿದ್ದ ಮೇಲೆ ಒಂದು ದಿನವೂ ನೆಲಕ್ಕೆ ನೆಟ್ಟಗೆ ಊರಿರದ ಕಾಲನ್ನು ಊರಿದ. "ಮೇಕೆಮರಿ ಥರ ಕುಣೀಬೇಡ್ವೋ, ಮಾನ ಹೋಗುತ್ತೆ" ಎಂದು ನನಗೆ ಎಷ್ಟು ಸಲ ಬೈದಿದ್ದನೋ ಲೆಕ್ಕವಿಲ್ಲ. ಅದೇ ಕುಣಿತವನ್ನು ಊರಿನ ಮುಂದೆ ತಾನೇ ಕುಣಿದ. ನಿನಗೆ ಬೇಕಾದವನು ನಾನು ಎಂದು ಅವನಿಗೆ ತಿಳಿಯಿತು. ನಾನಾದ. ನೀನು ನಕ್ಕೆ, ಹಾಡಿದೆ. ಆ ಹಾಡಿನಲ್ಲೇ ಹೊರಟುಹೋದ.

ನೀನು ಮೋಸ ಮಾಡಲಿಲ್ಲ. ಅವನು ಕೇಳಿ ಪಡೆಯಲಾರದೆ ಇದ್ದದ್ದನ್ನು ನೀನು ತಿಳಿಯದೆಯೇ ಕೊಟ್ಟೆ. ತಿಳಿದಿದ್ದರೆ ಕೊಡುತ್ತಿದ್ದೆಯೋ ಇಲ್ಲವೋ, ಅವನಿಗೂ ಆ ಅನುಮಾನವಿತ್ತೆಂದು ಕಾಣುತ್ತದೆ.

ಇದೆಲ್ಲವನ್ನೂ ಅಮ್ಮನಿಗೆ ಹೇಳಿದೆ. ಅವಳು ಜೋಳ ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಇನ್ನೊಂದು ತೆನೆ ಎತ್ತಿಕೊಂಡು, "ಮಗಳ ಹತ್ರ ಹೆಂಗೆ ಮಾತಾಡ್ಬೇಕು ಅಂತ ಗೊತ್ತಿರ್ಲಿಲ್ಲ ಕಣೋ ಅವನಿಗೆ" ಅಂದಳು. "ಕುಣಿಯೋದೊಂದು ಗೊತ್ತಿತ್ತು."

ಎರಡೂ ಕಾಲಿನ ಮೇಲೆ ನಿಂತಿರುವ ನಿನ್ನ ತಮ್ಮ,
ಮಸಾವುಕೊ